ಗೋಡೆಯೊಳಗೆ ಏನಿದೆ? ಕಟ್ಟಡದ ಜಾತಕ ಹೇಳುವ ಬಿಐಎಂ

ತುಮಕೂರು ಜಿಲ್ಲೆಯಲ್ಲಿ ಹೊಸ ಕಟ್ಟಡಗಳಿಗೇನೂ ಕೊರತೆಯಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನ 615 ಎಕರೆಯಲ್ಲಿ ತಲೆಯೆತ್ತಿದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಇತ್ತ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಂಥ ಹೋಬಳಿ ಕೇಂದ್ರಗಳಲ್ಲೂ ಹಂಚಿನ ಮಾಡುಗಳ ಜಾಗಕ್ಕೆ ಕಾಂಕ್ರೀಟ್ ಬಂದಿದೆ. ಕಟ್ಟಡ ದೊಡ್ಡದಿರಲಿ, ಚಿಕ್ಕದಿರಲಿ, ಟೇಪು ಕತ್ತರಿಸಿದ ಮರುದಿನದಿಂದ ಅದನ್ನು ನೋಡಿಕೊಳ್ಳುವವರಿಗೆ ಎದುರಾಗುವ ಪ್ರಶ್ನೆ ಒಂದೇ: ಈ ಗೋಡೆಯೊಳಗೆ ಏನಿದೆ?

ಬಹುತೇಕ ಕಡೆ ಇದಕ್ಕೆ ಉತ್ತರವಿರುವುದಿಲ್ಲ. ಗುತ್ತಿಗೆದಾರರು ಕೊಟ್ಟುಹೋದ ನಕ್ಷೆಯ ಸುರುಳಿ ಬೀರುವಿನ ಮೇಲೆ ಧೂಳು ತಿನ್ನುತ್ತಿರುತ್ತದೆ. ಅದರಲ್ಲಿರುವುದಾದರೂ ಕಟ್ಟಬೇಕೆಂದುಕೊಂಡ ಕಟ್ಟಡವೇ ಹೊರತು ಕಟ್ಟಿದ ಕಟ್ಟಡವಲ್ಲ. ಗೋಡೆಯಲ್ಲಿ ನೀರು ಜಿನುಗಿದರೆ ಪ್ಲಂಬರ್ ಅಂದಾಜಿನ ಮೇಲೆ ಮೂರು ಕಡೆ ಒಡೆದು ನಾಲ್ಕನೆಯ ಕಡೆ ಕೊಳವೆ ಕಂಡುಕೊಳ್ಳುತ್ತಾನೆ.

ಈ ಅಜ್ಞಾನಕ್ಕೆ ಮದ್ದೆಂದು ಎಂಜಿನಿಯರುಗಳು ಹೇಳುತ್ತಿರುವುದು ಬಿಲ್ಡಿಂಗ್ ಇನ್ಫರ್ಮೇಶನ್ ಮಾಡೆಲಿಂಗ್, ಸಂಕ್ಷಿಪ್ತವಾಗಿ ಬಿಐಎಂ. ಇದನ್ನು ಮೂರು ಆಯಾಮದ ಚಿತ್ರವೆಂದು ತಿಳಿದರೆ ಅರ್ಧ ಸತ್ಯ ಮಾತ್ರ. ಸಾಮಾನ್ಯ ನಕ್ಷೆಯಲ್ಲಿ ಪಂಪ್ ಎಂದರೆ ನಾಲ್ಕು ಗೆರೆ. ಬಿಐಎಂ ಮಾದರಿಯಲ್ಲಿ ಅದೊಂದು ವಸ್ತು. ತಯಾರಕರು ಯಾರು, ಯಾವಾಗ ಕೂರಿಸಿದ್ದು, ವಾರಂಟಿ ಎಂದು ಮುಗಿಯುತ್ತದೆ, ಯಾವ ಕೋಣೆಗಳಿಗೆ ನೀರೊದಗಿಸುತ್ತದೆ, ಮುಚ್ಚಬೇಕಾದ ವಾಲ್ವ್ ಎಲ್ಲಿದೆ ಎಂಬುದೆಲ್ಲ ಅದಕ್ಕೇ ಅಂಟಿಕೊಂಡಿರುತ್ತದೆ. ಕಟ್ಟಡದ ಜಾತಕವೆಂದರೂ ತಪ್ಪಾಗದು. ಒಂದೇ ವ್ಯತ್ಯಾಸವೆಂದರೆ, ಈ ಜಾತಕವನ್ನು ಪ್ರತಿ ದುರಸ್ತಿಯ ನಂತರ ತಿದ್ದಿ ಬರೆಯಬೇಕು.

ಕಟ್ಟುವಾಗ ಈ ಮಾದರಿಯ ಬಳಕೆ ಈಗ ಹೊಸತಲ್ಲ. ನಾಗಪುರ ಮೆಟ್ರೊ ಯೋಜನೆಯಲ್ಲಿ ಕಾಲ ಮತ್ತು ವೆಚ್ಚವನ್ನೂ ಸೇರಿಸಿಕೊಂಡ ಐದು ಆಯಾಮದ ಬಿಐಎಂ ಬಳಸಲಾಯಿತು. ಹೊರದೇಶದ ಕಟ್ಟಡಗಳ ಮಾದರಿಗಳನ್ನು ಬೆಂಗಳೂರಿನ ಕಚೇರಿಗಳಲ್ಲಿ ಕುಳಿತು ತಯಾರಿಸುವ ನಮ್ಮ ತರುಣರಿಗೂ ಲೆಕ್ಕವಿಲ್ಲ. ಆದರೆ ಕಟ್ಟುವುದು ಎರಡು ಮೂರು ವರ್ಷದ ಕೆಲಸ, ನೋಡಿಕೊಳ್ಳುವುದು ಐವತ್ತು ವರ್ಷದ್ದು. ಕಟ್ಟುವಾಗ ಬಳಸಿದ ಮಾದರಿಯನ್ನು ಹಸ್ತಾಂತರದ ದಿನ ಕೈಬಿಡುವುದೆಂದರೆ ಬೆಳೆ ಕೊಯ್ದು ಕಣದಲ್ಲೇ ಬಿಟ್ಟುಬಂದಂತೆ.

ನಷ್ಟ ಹೊರುವವರು ಯಾರು? ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿತು. ಕಟ್ಟಡದ ಮಾಹಿತಿ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ಸರಿಯಾಗಿ ಹೋಗದ ಕಾರಣ ಆ ದೇಶದಲ್ಲಿ ವರ್ಷಕ್ಕೆ ಸುಮಾರು 1,580 ಕೋಟಿ ಡಾಲರ್ ಪೋಲಾಗುತ್ತಿತ್ತು. ಅದರಲ್ಲಿ ಸುಮಾರು 1,060 ಕೋಟಿ, ಅಂದರೆ ಮೂರನೇ ಎರಡು ಭಾಗ, ವಾಸ್ತುಶಿಲ್ಪಿಯದೂ ಅಲ್ಲ, ಗುತ್ತಿಗೆದಾರನದೂ ಅಲ್ಲ. ಕಟ್ಟಡದ ಮಾಲೀಕರದು ಮತ್ತು ನಿರ್ವಾಹಕರದು.

ಹಣವಷ್ಟೇ ಹೋದರೆ ಸಹಿಸಬಹುದು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹತ್ತಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ದಟ್ಟ ಹೊಗೆ ಮೇಲಿನ ಮಹಡಿಗಳಿಗೆ ಏರಿತ್ತು. ಉಸಿರುಗಟ್ಟಿದವರು ಕಿಟಕಿಯಿಂದ ಕೆಳಕ್ಕೆ ಹಾರಿದರು. ಮುಚ್ಚಿದ ಬಾಗಿಲನ್ನು ಯಾವ ತಂತ್ರಾಂಶವೂ ತೆರೆಯಲಾರದು ಎಂಬುದು ನಿಜ. ಆದರೆ ಯಾವ ಡಕ್ಟ್ ಯಾವ ಮಹಡಿಗೆ ಬಾಯ್ದೆರೆದಿದೆ, ಯಾವ ಮೆಟ್ಟಿಲಿನ ದಾರಿಗೆ ನಡುವೆ ಗೋಡೆ ಎದ್ದಿದೆ ಎಂಬುದು ತಪಾಸಣೆಗೆ ಬಂದವರ ಕಣ್ಣೆದುರಿನ ಪರದೆಯ ಮೇಲಿದ್ದರೆ ಅದನ್ನು ಕಂಡೂ ಕಾಣದಂತಿರುವುದು ಕಷ್ಟ.

ಹಳೆಯ ಕಟ್ಟಡಗಳ ಕಥೆಯೇ ಬೇರೆ. 1973ರಲ್ಲಿ ತೆರೆದ ಸಿಡ್ನಿ ಒಪೆರಾ ಹೌಸ್‌ನ ನಿರ್ವಹಣೆಗೆ ಬಿಐಎಂ ಹೇಗೆ ಒದಗಬಹುದೆಂದು ಆಸ್ಟ್ರೇಲಿಯದ ಸಂಶೋಧಕರು ಕಳೆದ ದಶಕಕ್ಕೂ ಮುಂಚೆ, 2007ರ ಹೊತ್ತಿಗೇ ಪರಿಶೀಲಿಸಿ ವರದಿ ಕೊಟ್ಟರು. 1956ರಲ್ಲಿ ಪೂರ್ಣಗೊಂಡ ನಮ್ಮ ವಿಧಾನಸೌಧದಂಥ ಕಟ್ಟಡಕ್ಕೂ ಇಂದು ಲೇಸರ್ ಸ್ಕ್ಯಾನ್ ಮಾಡಿ ಮಾದರಿ ರಚಿಸಲು ತಾಂತ್ರಿಕವಾಗಿ ಅಡ್ಡಿಯಿಲ್ಲ. ಆದರೆ ಲೇಸರ್ ಕಾಣುವುದು ಗೋಡೆಯ ಮೈಯನ್ನು, ಹೊಟ್ಟೆಯನ್ನಲ್ಲ. ಒಳಗಿನ ಕೊಳವೆ, ತಂತಿಗಳ ಗುಟ್ಟು ಪ್ಲಾಸ್ಟರಿಂಗ್ ಆದ ದಿನವೇ ಮುಚ್ಚಿಹೋಗಿರುತ್ತದೆ.

ಬ್ರಿಟನ್ ಸರ್ಕಾರ 2016ರ ಏಪ್ರಿಲ್‌ನಿಂದ ತನ್ನ ಕೇಂದ್ರ ಯೋಜನೆಗಳಿಗೆ ಬಿಐಎಂ ಕಡ್ಡಾಯಗೊಳಿಸಿದಾಗ ಹಸ್ತಾಂತರದ ಮಾಹಿತಿಗೆ ಆರಿಸಿಕೊಂಡದ್ದು ‘ಕೋಬಿ’ ಎಂಬ ನಮೂನೆಯನ್ನು. ಅಮೆರಿಕದ ಸೇನಾ ಎಂಜಿನಿಯರುಗಳ ಬಳಗದಲ್ಲಿ ಹುಟ್ಟಿದ ಇದು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಕೋಷ್ಟಕ: ಮಹಡಿ, ಕೋಣೆ, ಅಲ್ಲಿರುವ ಉಪಕರಣ, ಅದರ ಬಿಡಿಭಾಗ, ಅದರ ದುರಸ್ತಿ. ಇಷ್ಟೆಲ್ಲ ಸದ್ದು ಮಾಡಿದ ತಂತ್ರಜ್ಞಾನದ ತಿರುಳು ಕೊನೆಗೆ ಒಂದು ಒಳ್ಳೆಯ ರಿಜಿಸ್ಟರ್ ಎಂಬುದು ನಮ್ಮ ಕಚೇರಿಗಳಿಗೆ ಸಮಾಧಾನ ತರಬೇಕು. ನಮ್ಮಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 12ನೇ ಭಾಗ ಆಸ್ತಿ ಮತ್ತು ಕಟ್ಟಡ ನಿರ್ವಹಣೆಗೇ ಮೀಸಲಾಗಿದೆ.

ಹಾಗೆಂದು ಕೊತ್ತಗೆರೆಯಂಥ ಊರಿನ ನಾಲ್ಕು ಕೋಣೆಯ ಶಾಲೆಗೆ ದುಬಾರಿ ತಂತ್ರಾಂಶ ಕೊಳ್ಳಬೇಕೆಂದಲ್ಲ, ಅದು ದುಂದು. ಪ್ಲಾಸ್ಟರಿಂಗ್‌ಗೆ ಮುನ್ನ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಮೊಬೈಲಿನಲ್ಲಿ ತೆಗೆದ ಚಿತ್ರಗಳು, ಜೊತೆಗೊಂದು ಕೋಷ್ಟಕ ಇದ್ದರೆ ಅಲ್ಲಿಗೆ ಸಾಕು. ಜಿಲ್ಲಾ ಆಸ್ಪತ್ರೆ, ಬಸ್ ನಿಲ್ದಾಣ, ಬಹುಮಹಡಿ ಕಚೇರಿಗಳ ವಿಷಯದಲ್ಲಿ ಮಾತ್ರ ಮಾದರಿಯನ್ನೇ ಕೇಳಬೇಕು, ಅದೂ ಟೆಂಡರ್ ಕರೆಯುವಾಗಲೇ. ಯಾವ ಯಾವ ಮಾಹಿತಿ ಬೇಕು, ಯಾವ ನಮೂನೆಯಲ್ಲಿ ಬೇಕು, ಮುಂದೆ ಅದನ್ನು ತಿದ್ದುವವರು ಯಾರು ಎಂಬುದು ಕರಾರಿನಲ್ಲಿ ಬರೆದಿರಬೇಕು. ತಿದ್ದದ ಮಾದರಿ ಇಲ್ಲದ ಮಾದರಿಗಿಂತ ಅಪಾಯಕಾರಿ. ಅದನ್ನು ನಂಬಿ ಗೋಡೆ ಕೊರೆದವನ ಡ್ರಿಲ್ ವಿದ್ಯುತ್ ತಂತಿಗೆ ತಗುಲಬಹುದು. ಅಂತಿಮ ಬಿಲ್ ಪಾವತಿಯಾದ ಬಳಿಕ ಮಾಹಿತಿ ಕೇಳಿದರೆ ಗುತ್ತಿಗೆದಾರರ ಫೋನು ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ಮಾದರಿ ಕೈಸೇರಿ, ಕಟ್ಟಡದೊಡನೆ ತಾಳೆ ನೋಡಿದ ಮೇಲೆಯೇ ಆ ಬಿಲ್ಲಿಗೆ ಸಹಿ ಬೀಳಬೇಕು.