ಗಣಕಯಂತ್ರದ ಉಷ್ಣವೂ ಗದ್ದಲವೂ

ಶಬ್ದಮಣಿದರ್ಪಣವನ್ನು ಪಾಠ ಹೇಳುವವನಿಗೆ ಗಣಕಯಂತ್ರದ ಉಸಾಬರಿ ಏಕೆಂದು ಓದುಗ ಮಹನೀಯರು ಕೇಳಬಹುದು. ನಮ್ಮ ಶಾಲೆಯ ಗಣಕ ಕೊಠಡಿಯು ಕನ್ನಡ ತರಗತಿಗೆ ಹೊಂದಿಕೊಂಡಿದೆ. ಕಳೆದ ಬೇಸಿಗೆಯಲ್ಲಿ ಅಲ್ಲಿಯ ಯಂತ್ರಗಳ ಭೋರ್ಗರೆತದಿಂದಾಗಿ ಹರಿಹರನ ರಗಳೆಯ ವಾಚನವು ಹಿಂದಿನ ಸಾಲಿನ ಮಕ್ಕಳಿಗೆ ಕೇಳಿಸದಾಯಿತು. ಯಂತ್ರಗಳು ಹಳತಾದುವು, ಗುಜರಿಗೆ ಹಾಕಿ ಹೊಸವನ್ನು ಬೇಡೋಣ ಎಂಬ ಮಾತೂ ಹೊರಟಿತು. ದಾನಿಗಳು ದಾಸೋಹಭಾವದಿಂದ ಕೊಟ್ಟ ವಸ್ತುವನ್ನು ತ್ಯಜಿಸುವ ಮುನ್ನ ಗದ್ದಲದ ಕಾರಣವನ್ನು ಅರಿಯುವುದು ನ್ಯಾಯವೆಂದು ನನಗೆ ತೋರಿತು. ವಿಜ್ಞಾನದ ಅಧ್ಯಾಪಕರ ನೆರವಿನಿಂದ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಗಣಕವು ಸೇವಿಸುವ ವಿದ್ಯುತ್ತೆಲ್ಲವೂ ಕಡೆಗೆ ಉಷ್ಣವಾಗಿ ಪರಿಣಮಿಸುತ್ತದೆ. ಅದರ ಮಿದುಳೆನ್ನಬಹುದಾದ ಪ್ರೊಸೆಸರ್ ಕಚೇರಿ ಬಳಕೆಯ ಯಂತ್ರಗಳಲ್ಲಿ ಬಹುಮಟ್ಟಿಗೆ 65 ವ್ಯಾಟ್ ದರ್ಜೆಯದು. ಹಳೆಯ ಗುಂಡುಬಲ್ಬಿನ ಕಾವನ್ನು ಬೆರಳುಗುರಿನಷ್ಟು ತಾಣದಲ್ಲಿ ಅಡಗಿಸಿದಂತೆ. ಅದರ ಮೇಲೆ ಲೋಹದ ಗರಿಗಳುಳ್ಳ ಹೀಟ್‌ಸಿಂಕ್, ಅದಕ್ಕೆ ತಾಗಿದಂತೆ ಒಂದು ಫ್ಯಾನು. ಒಳಗಿನ ಉಷ್ಣಮಾಪಕವು ಸೂಚಿಸಿದಂತೆ ಫ್ಯಾನಿನ ವೇಗ ಏರುತ್ತದೆ, ಇಳಿಯುತ್ತದೆ. ತಾಪವು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದರೆ ಅನೇಕ ಪ್ರೊಸೆಸರುಗಳು ಆತ್ಮರಕ್ಷಣೆಗಾಗಿ ತಮ್ಮ ವೇಗವನ್ನೇ ಕುಗ್ಗಿಸಿಕೊಳ್ಳುತ್ತವೆ. 'ಯಂತ್ರ ಮಂದವಾಯಿತು' ಎಂಬ ದೂರಿಗೂ ಗದ್ದಲಕ್ಕೂ ಹಲವು ವೇಳೆ ಕಾರಣ ಒಂದೇ.

ನಾಭಿಮೂಲದಲ್ಲಿ ವಾಯುವಿನಿಂದ ಶಬ್ದವು ಜನಿಸುವುದೆಂದು ಕೇಶಿರಾಜನು ಹೇಳುವನಷ್ಟೆ. ಇಲ್ಲಿಯೂ ಗಾಳಿಯೇ ಶಬ್ದಮೂಲ. ಫ್ಯಾನಿನ ವೇಗ ಇಮ್ಮಡಿಯಾದರೆ ಬೀಸುವ ಗಾಳಿಯೂ ಇಮ್ಮಡಿ. ಸದ್ದಾದರೋ ಸುಮಾರು 15 ಡೆಸಿಬೆಲ್ ಏರುವುದು. 10 ಡೆಸಿಬೆಲ್ ಏರಿದರೇ ಕಿವಿಗೆ ಸದ್ದು ಇಮ್ಮಡಿಸಿದಂತೆ ತೋರುತ್ತದೆ. ಆದುದರಿಂದ ವೇಗವು ತುಸು ತಗ್ಗಿದರೂ ಲಭಿಸುವ ಶಾಂತಿ ದೊಡ್ಡದು.

ನಮ್ಮ ಯಂತ್ರಗಳ ಮುಚ್ಚಳ ತೆಗೆದಾಗ ಗರಿಗಳ ಸಂದಿನಲ್ಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಸೀಮೆಸುಣ್ಣದ ಪುಡಿಯೊಡನೆ ಆಯುಧಪೂಜೆಯಂದು ಗಾಳಿಕಿಂಡಿಯ ಮೇಲೆಯೇ ಧರಿಸಿದ ವಿಭೂತಿಯೂ ತನ್ನ ಪಾಲನ್ನು ಸಲ್ಲಿಸಿತ್ತು. (ಪೂಜೆ ಬೇಡವೆನ್ನುವವನು ನಾನಲ್ಲ, ಕಿಂಡಿಯಿಂದ ದೂರ ಹಚ್ಚಿದರೆ ಸಾಕು.) ಹಳೆಯ ವಿದ್ಯಾರ್ಥಿನಿಯರು ಕಸೂತಿ ಹಾಕಿ ಕೊಟ್ಟ ಸುಂದರವಾದ ಹೊದಿಕೆಗಳನ್ನು ಯಂತ್ರ ನಡೆಯುವಾಗಲೂ ತೆಗೆಯದೆ ಬಿಟ್ಟುದು ನಮ್ಮದೇ ತಪ್ಪು. ಹಿಂಬದಿಯನ್ನು ಗೋಡೆಗೆ ಒತ್ತಿ ಇರಿಸಿದುದು ಇನ್ನೊಂದು.

ಶುಚಿ ಮಾಡುವ ಕ್ರಮವನ್ನು ಎಚ್ಚರದಿಂದ ಪಾಲಿಸಬೇಕು. ವಿದ್ಯುತ್ ತಂತಿಯನ್ನು ಕಳಚಿ, ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಯಂತ್ರವನ್ನು ಬಯಲಿಗೆ ಒಯ್ಯಬೇಕು. ಕವಚದ ಲೋಹವನ್ನು ಮುಟ್ಟಿದ ಬಳಿಕ ಮೆತ್ತನೆಯ ಕುಂಚದಿಂದ ಧೂಳನ್ನು ಬಿಡಿಸಿ, ಊದಿ ತೆಗೆಯಬೇಕು. ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಅದರ ಬೇರಿಂಗು ಕೆಡಬಹುದು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚತಕ್ಕದ್ದಲ್ಲ. ತಂತಿ ಕಳಚಿದ ಮೇಲೂ ಅದರೊಳಗೆ ಪ್ರಾಣಾಪಾಯ ತರಬಲ್ಲಷ್ಟು ವಿದ್ಯುತ್ತು ಉಳಿದಿರಬಹುದು.

ಧೂಳು ಹೋದರೂ ತಾಪ ಇಳಿಯದಿದ್ದರೆ ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವಣ ಥರ್ಮಲ್ ಪೇಸ್ಟ್ ಒಣಗಿರಬಹುದು. ಬಲ್ಲವರಿಂದ ಹಳೆಯದನ್ನು ಒರೆಸಿಸಿ, ತೊಗರಿಕಾಳಿನಷ್ಟು ಹೊಸದನ್ನು ಇಡಿಸಬೇಕು. ಹೆಚ್ಚು ಬಳಿದರೆ ಹೆಚ್ಚು ತಂಪೆಂಬುದು ಭ್ರಮೆ.

ಫ್ಯಾನನ್ನೇ ಬದಲಿಸುವುದು ಸಿದ್ಧಯಂತ್ರಗಳಲ್ಲಿ ಅಷ್ಟು ಸುಲಭವಲ್ಲ. ಕೆಲವು ತಯಾರಕರ ಫ್ಯಾನಿನ ಅಳತೆ, ತಿರುಪಿನ ರಂಧ್ರ, ತಂತಿಯ ಕೊಂಡಿ ಎಲ್ಲವೂ ಅವರವರದೇ. ಪೇಟೆಯ ಫ್ಯಾನನ್ನು ಜೋಡಿಸಿದರೆ ಯಂತ್ರವು ದೋಷಸೂಚನೆ ತೋರಿ ನಿಂತುಬಿಡುವುದುಂಟು. ಮಾದರಿಯ ಸಂಖ್ಯೆ ನೋಡಿ ಅದೇ ಜಾತಿಯದನ್ನು ತರಿಸುವುದು ಕ್ಷೇಮ.

ಖರ್ಚಿಲ್ಲದ ಉಪಾಯವೂ ಒಂದುಂಟು. ವಿಂಡೋಸ್‌ನ ವಿದ್ಯುತ್ ಬಳಕೆಯ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರ ಬದಲು 99 ಪ್ರತಿಶತಕ್ಕೆ ಇರಿಸಿದರೆ, ಅನೇಕ ಯಂತ್ರಗಳಲ್ಲಿ ಅದು ಮೂಲವೇಗವನ್ನು ಮೀರಿ ಓಡುವುದು ನಿಲ್ಲುತ್ತದೆ. ಮಕ್ಕಳ ಬೆರಳಚ್ಚಿಗೂ ಓದಿಗೂ ಇದರಿಂದ ಕೊರತೆಯಿಲ್ಲ. ಆದರೂ ಯಂತ್ರವು ಕೊಠಡಿಯ ಗಾಳಿಗಿಂತ ತಂಪಾಗಲಾರದು. ಬೇಸಿಗೆ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಕಿಟಕಿಗಳನ್ನು ಮುಚ್ಚಿದ ಕೊಠಡಿ ಸಲ್ಲದು.

ನಮ್ಮ ಹನ್ನೆರಡು ಯಂತ್ರಗಳಲ್ಲಿ ಹತ್ತು ಧೂಳು ತೆಗೆದೊಡನೆ ಶಾಂತವಾದುವು. ಉಳಿದೆರಡರ ಬೇರಿಂಗು ಸವೆದಿತ್ತು. ಅವಕ್ಕೆ ತಕ್ಕ ಫ್ಯಾನುಗಳು ಇನ್ನೂ ಬರಬೇಕಾಗಿವೆ. ಅಲ್ಲಿಯವರೆಗೆ ಅವೆರಡನ್ನೂ ಕನ್ನಡದ ಅವಧಿಯಲ್ಲಿ ಆರಿಸಿಡುವಂತೆ ಮುಖ್ಯಾಧ್ಯಾಪಕರು ಅಪ್ಪಣೆ ಮಾಡಿದ್ದಾರೆ.