ಶೃಂಗೇರಿ, ಕೊಪ್ಪ, ನರಸಿಂಹರಾಜಪುರ: ನೆರೆ ಮತ್ತು ಗದ್ದೆಬಯಲು

ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರ ನೆರೆಹೊರೆಯ ತಾಲ್ಲೂಕುಗಳಾದರೂ ಈ ಮೂರು ಪಟ್ಟಣಗಳಿಗೆ ನೀರಿನೊಡನಿರುವ ಸಂಬಂಧ ಒಂದೇ ಬಗೆಯದಲ್ಲ. ಶೃಂಗೇರಿ ತುಂಗೆಯ ದಡದಲ್ಲೇ ಬೆಳೆದ ಊರು. ಕೊಪ್ಪ ನದಿಯಿಂದ ದೂರವಿದ್ದು, ಅದೇ ತಾಲ್ಲೂಕಿನ ಹರಿಹರಪುರ ತುಂಗಾತೀರದಲ್ಲಿದೆ. 1915ರವರೆಗೆ ಎಡೇಹಳ್ಳಿ ಎನಿಸಿದ್ದ ನರಸಿಂಹರಾಜಪುರ ಭದ್ರಾ ಜಲಾಶಯದ ಹಿನ್ನೀರಿನ ಊರು.

ನೆರೆಯ ಸ್ವರೂಪ ಶೃಂಗೇರಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಳೆ ಬಿರುಸಾದಾಗ ತುಂಗೆಯು ಸ್ನಾನಘಟ್ಟದ ಬಳಿಯ ಕಪ್ಪೆಶಂಕರವನ್ನು ಮುಳುಗಿಸಿ ಗಾಂಧಿ ಮೈದಾನಕ್ಕೆ ಹರಡುತ್ತದೆ. 2019ರ ಆಗಸ್ಟ್ ತಿಂಗಳಲ್ಲಿಯೂ ಹೀಗಾಯಿತು. ಇದನ್ನು ನದಿಯ ಅತಿಕ್ರಮಣವೆನ್ನುವುದು ಸರಿಯಲ್ಲ. ಮೈದಾನವು ನದಿ ಉಕ್ಕಿದಾಗ ಹರಡಿಕೊಳ್ಳುವ ಬಯಲೇ ಆಗಿದೆ. ಬಯಲು ಬರಿದಾಗಿದ್ದರೆ ನೀರು ಬಂದು ಇಳಿಯುತ್ತದೆ. ಅಂಗಡಿ, ವಾಹನ ನಿಲುಗಡೆಗಳು ಅಲ್ಲಿ ನೆಲೆಗೊಂಡಾಗ ಅದೇ ನೀರು ವಿಪತ್ತೆನಿಸುತ್ತದೆ. ದಡದ ಸಮೀಪದಲ್ಲಿರುವ 14ನೆಯ ಶತಮಾನದ ವಿದ್ಯಾಶಂಕರ ದೇವಾಲಯ ಎತ್ತರದ ಜಗತಿಯ ಮೇಲಿದೆ. ಜಗತಿಯ ನಿರ್ಮಾಣ ವಾಸ್ತುವಿನ ರೂಢಿಯೇ ಸರಿ. ಆದರೆ ನದೀತೀರದಲ್ಲಿ ಅದರ ಪ್ರಯೋಜನ ಅಷ್ಟಕ್ಕೇ ನಿಲ್ಲುವುದಿಲ್ಲ.

ಪಟ್ಟಣಕ್ಕೆ ಬರುವ ನೀರು ಎಷ್ಟು ಬೇಗ ಬರುತ್ತದೆ ಎಂಬುದನ್ನು ಮೇಲಿನ ಕಣಿವೆಗಳು ನಿರ್ಧರಿಸುತ್ತವೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆಗೆ ಕಡಿದಾದ ಗುಡ್ಡಗಳ ಹಳ್ಳಗಳು ಸೇರುತ್ತವೆ. ಈ ಹಳ್ಳಗಳ ತಗ್ಗಿನಲ್ಲಿ ಮಲೆನಾಡಿನ ರೈತರು ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಕಟ್ಟಿದರು. ಪ್ರತಿ ಗದ್ದೆಯ ಬದುವೂ ಒಂದು ಸಣ್ಣ ಒಡ್ಡು. ಮಳೆಗಾಲದುದ್ದಕ್ಕೂ ಗೇಣುದ್ದ ನೀರು ನಿಲ್ಲಿಸಿ, ಮಡೆಯಿಂದ ಮಡೆಗೆ ನಿಧಾನವಾಗಿ ಇಳಿಸುವ ಈ ಏರ್ಪಾಡು ಬತ್ತಕ್ಕಾಗಿ ಆದದ್ದು. ನೆರೆಯ ವೇಗವನ್ನು ತಗ್ಗಿಸಿದ್ದು ಅದರ ಉಪಫಲ. ಅಡಿಕೆಯ ಬೇರು ನಿಂತ ನೀರನ್ನು ಸಹಿಸದು. ಆದುದರಿಂದ ಗದ್ದೆ ತೋಟವಾದೊಡನೆ ಬದು ಒಡೆದು ಆಳವಾದ ಬಸಿಗಾಲುವೆ ತೆಗೆಯಬೇಕಾಗುತ್ತದೆ. ಬಿದ್ದ ಮಳೆ ಬೇಗನೆ ಹಳ್ಳ ಸೇರುತ್ತದೆ. ಕೂಲಿಯಾಳಿನ ಅಭಾವ ಮತ್ತು ಬತ್ತದ ಅಲ್ಪ ಆದಾಯಗಳ ನಡುವೆ ಸಿಕ್ಕ ರೈತನನ್ನು ಇದಕ್ಕೆ ದೂರುವುದು ಅನ್ಯಾಯ.

ಭದ್ರೆಯ ಕಡೆ ಚಿತ್ರ ಬೇರೆ. ಲಕ್ಕವಳ್ಳಿಯ ಅಣೆಕಟ್ಟು ಕೆಳಗಿನ ನೆರೆಯನ್ನು ತಡೆಯುತ್ತದೆ. ಮೇಲೆ ಹಿನ್ನೀರಿನ ಮಟ್ಟವೇ ಹಳ್ಳಗಳ ಇಳಿಯುವಿಕೆಯನ್ನು ನಿಯಂತ್ರಿಸುತ್ತದೆ. ನೀರು ಇಳಿದಾಗ ತೆರೆದುಕೊಳ್ಳುವ ಜಲಾಶಯದ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಗೂಡು ಮಾಡುತ್ತವೆ.

2017ರ ಕೇಂದ್ರ ಸರ್ಕಾರದ ಜೌಗುಪ್ರದೇಶ ನಿಯಮಗಳು ನದೀಪಾತ್ರ, ಬತ್ತದ ಗದ್ದೆ ಹಾಗೂ ನೀರಾವರಿಗಾಗಿ ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅಂದರೆ ಈ ತಾಲ್ಲೂಕುಗಳಲ್ಲಿ ನೀರನ್ನು ಹಿಡಿದಿಡುವ ಬಹುಪಾಲು ನೆಲ ನಿಯಮದ ದೃಷ್ಟಿಯಲ್ಲಿ ಜೌಗುಪ್ರದೇಶವೇ ಅಲ್ಲ. ಪಟ್ಟಣ ಪಂಚಾಯಿತಿಯ ಅಧಿಕಾರವೂ ಪಟ್ಟಣದ ಗಡಿಗೇ ಮುಗಿಯುತ್ತದೆ. ಶೃಂಗೇರಿಯ ಮೈದಾನವನ್ನು ತುಂಬುವ ನೀರು ಹೊರಡುವ ಗದ್ದೆಬಯಲುಗಳಿರುವುದು ಅದರಾಚೆಯ ಗ್ರಾಮ ಪಂಚಾಯಿತಿಗಳಲ್ಲಿ.