ಹಗೇವನ್ನು ಮುಚ್ಚುವ ಮುನ್ನ

‘ಹಗೆ’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಒಂದು ವೈರಿ, ಇನ್ನೊಂದು ನೆಲದೊಳಗೆ ತೋಡಿದ ಧಾನ್ಯದ ಕಣಜ. ಎರಡನೆಯದನ್ನೇ ಹಳ್ಳಿಗರು ‘ಹಗೇವು’ ಎನ್ನುವರು. ಮನೆಯ ಅನ್ನವನ್ನು ಕಾಯ್ದ ಈ ಹಗೆ, ಅಲಕ್ಷ್ಯಕ್ಕೆ ಗುರಿಯಾದರೆ ಮೊದಲನೆಯ ಅರ್ಥವನ್ನೂ ನಿಜಮಾಡಬಲ್ಲದು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ, ನೆರೆಯ ಹಡಗಲಿ, ಕೂಡ್ಲಿಗಿಗಳ ಸೀಮೆ ಜೋಳದ ರೊಟ್ಟಿಯನ್ನುಂಡು ಬಾಳಿದ ಸೀಮೆ. ಬರಗಾಲಕ್ಕೆಂದು ಜೋಳವನ್ನು ಕಾಪಿಡಲು ಇಲ್ಲಿನ ರೈತರು ನೆಲವನ್ನೇ ನಂಬಿದರು. ಒಬ್ಬನು ಇಳಿಯುವಷ್ಟು ಕಿರಿದಾದ ಬಾಯಿ; ಒಳಗೆ ಗುಡಾಣದಂತಹ ಹೊಟ್ಟೆ. ತಳಕ್ಕೂ ಪಕ್ಕಕ್ಕೂ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಚಿಂತೆಯಿರಲಿಲ್ಲ.

ಇದರ ಗುಟ್ಟು ಗಾಳಿಯಲ್ಲಿದೆ. ಮುಚ್ಚಿದ ಗುಂಡಿಯಲ್ಲಿ ಕಾಳುಗಳೂ ಉಸಿರಾಡುತ್ತವೆ. ಆಮ್ಲಜನಕ ಕುಗ್ಗಿ, ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ, ನುಸಿ ಸಾಯುತ್ತದೆ. ನುಸಿಯನ್ನು ಕೊಲ್ಲುವ ಗಾಳಿ ಮನುಷ್ಯನನ್ನು ಬಿಟ್ಟೀತೆ? ಅದು ಸಾಮಾನ್ಯ ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರವಾದುದರಿಂದ ತಳದಲ್ಲೇ ನಿಲ್ಲುತ್ತದೆ. ಇಳಿದವನು ಕುಸಿಯುತ್ತಾನೆ, ಎತ್ತಲು ಹಾರಿದವನೂ ಅವನ ಪಕ್ಕದಲ್ಲೇ ಒರಗುತ್ತಾನೆ.

ಹಿರಿಯರು ಬಾಯಿ ತೆರೆದಿಟ್ಟು, ಬಹಳ ಹೊತ್ತು ಕಾದು, ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಆದರೆ ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲವೆನ್ನಲಾಗದು. ಚರಂಡಿಯ ನೀರು ಇಂಗಿದ ಹಳೆಯ ಹಗೇವಿನಲ್ಲಿ ಹೊತ್ತಿಕೊಳ್ಳುವ ಅನಿಲವೂ ಇರಬಹುದು. ಅಲ್ಲಿ ದೀಪವೇ ಕೇಡು.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಿತು; 1964ರಲ್ಲಿ ಹೈಬ್ರಿಡ್ ಜೋಳ ಬಂದಿತು; ಗೋಣಿಚೀಲ, ಗೋದಾಮು, ಪಡಿತರದ ಅಕ್ಕಿ ಬಂದವು. ಹಗೇವುಗಳು ಬರಿದಾದವು. ಬರಿದಾದುದನ್ನು ತುಂಬದೆ, ಮೇಲೊಂದು ಚಪ್ಪಡಿಯೆಳೆದು ಮರೆತುಬಿಡುವುದೇ ನಿಜವಾದ ತೊಡಕು. ಮಳೆನೀರು ಇಳಿದು ಒಂದು ದಿನ ಮೇಲ್ಮಣ್ಣು ಕುಸಿದರೆ, ಆ ಹೊತ್ತಿಗೆ ಅಲ್ಲಿ ಆಡುವ ಮಗುವಿರಬಹುದು, ಹಾಯುವ ಟ್ರಾಕ್ಟರಿರಬಹುದು.

ಅಮೆರಿಕದಂತಹ ದೇಶಗಳಲ್ಲಿ, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಎಣ್ಣೆಯ ತೊಟ್ಟಿಗಳನ್ನು ಅಂಗಳದಲ್ಲಿ ಹೂಳುವ ರೂಢಿಯಿತ್ತು. ಬಳಕೆ ತಪ್ಪಿದ ತೊಟ್ಟಿಯನ್ನು ಬರಿದುಮಾಡಿ, ತೊಳೆದು, ಕಿತ್ತು ತೆಗೆಯುತ್ತಾರೆ. ಇಲ್ಲವೆ ಮರಳು ತುಂಬುತ್ತಾರೆ. ನಮ್ಮ ಹಗೇವನ್ನು ಕೀಳಲಾಗದು, ತುಂಬುವುದೊಂದೇ ದಾರಿ.

ಮೊದಲು ಸುತ್ತ ಬೇಲಿ ಕಟ್ಟಿ, ಬಾಯಿ ತೆರೆಯಿರಿ. ಯಾರೂ ಒಳಗಿಳಿಯಬೇಡಿ, ಯಂತ್ರವನ್ನು ಟೊಳ್ಳಿನ ಮೇಲೆ ನಿಲ್ಲಿಸಬೇಡಿ. ದೂರದಿಂದಲೇ ಬಾಯಿಯನ್ನು ಅಗಲಿಸಿ, ಕೊಳೆತ ಹುಲ್ಲನ್ನು ಎತ್ತಿಸಿ, ಗರಸನ್ನು ಪದರಪದರವಾಗಿ ಹಾಕಿ ದಮ್ಮಸ್ಸು ಮಾಡಿಸಿರಿ. ಮಳೆಗಾಲ ಕಳೆದ ಮೇಲೆ ತಗ್ಗಿದ ಕಡೆ ಮತ್ತೆ ಮಣ್ಣು ಹಾಕಿರಿ. ಮೇಲೆ ಗೋಡೆ ಏಳುವುದಿದ್ದರೆ ಎಂಜಿನಿಯರರನ್ನು ಕೇಳಿರಿ. ಯಾರಾದರೂ ಒಳಗೆ ಬಿದ್ದರೆ ಹಿಂದೆ ಹಾರದೆ, 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿರಿ.

ಯಾವ ಅಂಗಳದಲ್ಲಿ, ಯಾವ ಓಣಿಯಲ್ಲಿ ಹಗೇವಿತ್ತೆಂಬುದು ಊರಿನ ಮುದುಕರಿಗೆ ಗೊತ್ತು. ಕಾಗದಪತ್ರಗಳಲ್ಲಿ ಅದನ್ನು ಬರೆದಿಟ್ಟವರು ಕಡಮೆ. ಅವರು ಇರುವಾಗಲೇ ಕೇಳಿ, ಗುರುತು ಹಾಕಿ, ಬರೆದಿಡುವುದು ಇಂದಿನವರ ಕೆಲಸ.